ಹನ್ನೊಂದು ಗಂಟೆಯ ಬಸ್ಸು

1969ರ ವಿಜಯದಶಮಿಯ ದಿನ ಸಂಜೆ ಆರೂವರೆಗೆ ನನ್ನ ಭಾವ ಔರಂಗಾಬಾದಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರಿಗೆ ಮೂವತ್ತೆರಡು ವರ್ಷ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಆ ಹೊತ್ತಿಗೆ ವೈಜಾಪುರ ದಾಟಿದ ಬಸ್ಸಿನಲ್ಲಿ ಕೂತಿದ್ದಳು. ಭಾವನ ಕಾಯಿಲೆಯ ತಂತಿ ಅದಕ್ಕಿಂತ ಎಂಟು ತಾಸು ಮೊದಲೇ, ಬೆಳಿಗ್ಗೆ ಹತ್ತೂವರೆಗೆ, ನಾಸಿಕದ ನಮ್ಮ ಮನೆಯ ಬಾಗಿಲಲ್ಲಿ ನನ್ನ ಕೈಗೆ ಬಂದಿತ್ತು.

ಅಪ್ಪ ಗದಗಿನ ಕಡೆಯವರು. ಇಗತಪುರಿಯ ರೈಲ್ವೆ ಶೆಡ್ಡಿನಲ್ಲಿ ವರ್ಷಗಟ್ಟಲೆ ಫಿಟ್ಟರ್ ಆಗಿದ್ದು, ಆಮೇಲೆ ಓಝರದ ವಿಮಾನ ಕಾರ್ಖಾನೆ ಸೇರಿದ್ದರು. ಪಂಚವಟಿಯಲ್ಲಿ ಬಾಡಿಗೆ ಮನೆ. ಅಕ್ಕ, ನಾನು ಇಬ್ಬರೂ ಮರಾಠಿ ಶಾಲೆಯಲ್ಲಿ ಓದಿದವರು. ಮನೆಯೊಳಗೆ ಮಾತ್ರ ಗದಗಿನ ಕನ್ನಡ. ನಾನು ಮರಾಠಿ ದಿನಪತ್ರಿಕೆಯೊಂದರಲ್ಲಿ ಕಿರಿಯ ವರದಿಗಾರನಾಗಿದ್ದೆ. ಭಾವ ಧಾರವಾಡದವರು, ಔರಂಗಾಬಾದಿನಲ್ಲಿ ಬಟ್ಟೆ ಗಿರಣಿಯ ಮೇಲ್ವಿಚಾರಕರು. ಅಕ್ಕ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನವರಾತ್ರಿಗೆ ತವರಿಗೆ ಬಂದಿದ್ದಳು. ಭಾವನಿಗೆ ರಜೆ ಸಿಕ್ಕಿರಲಿಲ್ಲ. ದಸರೆಯ ದಿನ ನಸುಕಿನ ಬಸ್ಸು ಹಿಡಿದು ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದರು. ಅಕ್ಕ ಹೊರಟಾಗ ಅವರಿಗೆ ಹೊಟ್ಟೆನೋವಿತ್ತು. ಓಮಿನ ನೀರು ಕುದಿಸಿ ಕೊಟ್ಟು ಬಂದಿದ್ದಳು.

ತಂತಿ ಅಪ್ಪನ ಹೆಸರಿಗೆ ಇತ್ತು. ಕಳಿಸಿದವರು ಭಾವನ ಪಕ್ಕದ ಮನೆಯ ಮರಾಠಿ ಶಾಲಾ ಮಾಸ್ತರರು. ಇದ್ದದ್ದು ಇಷ್ಟು: ಅಳಿಯ ಸೀರಿಯಸ್, ಆಸ್ಪತ್ರೆಗೆ ಸೇರಿಸಿದೆ, ಕೂಡಲೇ ಹೊರಡಿ.

ಅಪ್ಪ ಹಿತ್ತಲಲ್ಲಿ ಹತಾರಗಳ ಪೂಜೆಗೆ ಕೂತಿದ್ದರು. ಮಣೆಯ ಮೇಲೆ ಪಾನಾ, ಸುತ್ತಿಗೆ, ಅರ, ಅಳತೆಯ ವರ್ನಿಯರ್, ಎಲ್ಲಕ್ಕೂ ಕುಂಕುಮ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಕಾಗದವನ್ನು ಮಡಚಿ ಮಣೆಯ ಕೆಳಗೆ ಇಟ್ಟರು.

"ಮುಗೀತು," ಅಂದರು.

ಸಾವನ್ನು ತಂತಿಯಲ್ಲಿ ಸಾವು ಎಂದು ಯಾರೂ ಬರೆಯುತ್ತಿರಲಿಲ್ಲ. ಓದಿದವರು ದಾರಿಯಲ್ಲಿ ಕುಸಿಯಬಾರದು ಎಂದು ಸೀರಿಯಸ್ ಎಂದು ಬರೆಯುವುದು ವಾಡಿಕೆ. ಹಿಂದಿನ ವರ್ಷ ಗದಗಿನಲ್ಲಿ ಅಜ್ಜ ತೀರಿಕೊಂಡಾಗ ನಮಗೆ ಬಂದ ತಂತಿಯೂ ಹೀಗೇ ಇತ್ತು. ಆ ದಿನ ಅವ್ವ ಒಲೆಯ ಮೇಲಿನ ಅನ್ನ ಇಳಿಸಿ ಹಾಗೇ ಹೊರಟಿದ್ದಳು. ಎರಡು ದಿನ ಬಾಯಿಗೆ ನೀರು ಬಿಟ್ಟು ಏನೂ ಹಾಕದೆ ಗದಗು ಮುಟ್ಟಿದರೆ, ತಂತಿ ಕೊಡುವ ಮೊದಲೇ ತನ್ನ ಅಪ್ಪನ ದಹನ ಆಗಿತ್ತೆಂದು ತಿಳಿಯಿತು.

ಔರಂಗಾಬಾದಿಗೆ ಆ ಹೊತ್ತಿನ ನಂತರ ಎರಡು ಬಸ್ಸುಗಳಿದ್ದವು, ಹನ್ನೊಂದಕ್ಕೆ ಒಂದು, ಎರಡಕ್ಕೆ ಒಂದು. ಆರು ತಾಸಿನ ದಾರಿ. ಸ್ಟ್ಯಾಂಡಿಗೆ ಟಾಂಗಾದಲ್ಲಿ ಹೋದರೆ ಹದಿನೈದು ನಿಮಿಷ.

"ಅಪ್ಪಾ, ಹನ್ನೊಂದರ ಬಸ್ ಸಿಗತದ," ಅಂದೆ.

"ಸಿಗತದ. ಹೋಗಿ ಏನ ನೋಡತೀ?"

ಅವ್ವನನ್ನು ಹಿತ್ತಲಿಗೆ ಕರೆದರು. ಅವಳ ಕೈಗೆ ಹೂರಣ ಮೆತ್ತಿತ್ತು. ಅಪ್ಪ ಹೇಳಿದ್ದನ್ನು ಕೇಳಿ ಬಾವಿಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ಒಳಗೆ ಅಕ್ಕ ಮಗಳಿಗೆ ಜಡೆ ಹಾಕುತ್ತ ಹಾಡುವುದು ಕೇಳುತ್ತಿತ್ತು.

"ಉಂಡ ಮ್ಯಾಲ ಹೇಳ್ರಿ," ಅಂದಳು ಅವ್ವ. "ಇನ್ನ ಮುಂದ ಆಕಿ ಮುತ್ತೈದೇರ ಪಂಕ್ತಿಗೆ ಕೂಡಾಂಗಿಲ್ಲ. ಇವತ್ತೊಂದ ದಿನ ಹೊಟ್ಟಿ ತುಂಬ ಉಣ್ಣಲಿ."

ಎಲೆಯ ಮುಂದೆ ಕೂತವರ ಕಿವಿಗೆ ಸಾವಿನ ಸುದ್ದಿ ಹಾಕಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಕೇಳಿದವರು ಕೈಯಲ್ಲಿದ್ದ ತುತ್ತು ಬಿಟ್ಟು ಏಳಬೇಕು. ಅಪ್ಪ ಒಪ್ಪಿದರು. ಎರಡರ ಬಸ್ಸು ಎಂದು ನಿಶ್ಚಯವಾಯಿತು. ನಾನೂ ಒಪ್ಪಿದೆ. ನಮ್ಮ ಕಚೇರಿಯಲ್ಲಿ ಸಾವಿನ ಸುದ್ದಿಯನ್ನು ಎರಡು ಕಡೆಯಿಂದ ಕೇಳಿ ಖಚಿತ ಮಾಡಿಕೊಳ್ಳದೆ ಅಚ್ಚಿಗೆ ಕಳಿಸುತ್ತಿರಲಿಲ್ಲ. ಆ ದಿನ ನಾನು ಒಂದು ಕಡೆಯಿಂದಲೂ ಕೇಳಲಿಲ್ಲ.

ಹನ್ನೊಂದೂವರೆಗೆ ಅತಿಥಿಗಳು ಬಂದರು. ಅಪ್ಪನ ಜೊತೆ ಕೆಲಸ ಮಾಡುವ ಹುಬ್ಬಳ್ಳಿಯವರೊಬ್ಬರು, ಅವರ ಹೆಂಡತಿ, ಮತ್ತು ಉಡುಪಿ ಹೋಟೆಲಿನ ಮಾಲೀಕರು. ಮಾಲೀಕರು ಕುಂದಾಪುರದ ಕಡೆಯವರು, ಒಂಟಿ, ಎಲ್ಲ ಹಬ್ಬಕ್ಕೂ ನಮ್ಮ ಮನೆಗೇ ಊಟಕ್ಕೆ ಬರುವವರು. ತರಕಾರಿ ತರುವ ತಮ್ಮ ವ್ಯಾನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಡಬ್ಬಿ ತುಂಬ ಕಾಶಿ ಹಲ್ವ ತಂದಿದ್ದರು.

ಹನ್ನೆರಡೂ ಕಾಲಿಗೆ ಎಂಟು ಎಲೆ ಹಾಕಿದೆವು. ಅವ್ವ ಬಡಿಸಲು ನಿಂತಳು. ಎಂಟನೆಯದು ಭಾವನ ಎಲೆ. ಅದನ್ನು ಅಕ್ಕನೇ ಹಾಕಿ, ಉಪ್ಪು, ಕೋಸಂಬರಿ ಬಡಿಸಿ, ಪಕ್ಕದಲ್ಲಿ ತಾನು ಕೂತಳು. ಬೇಡ ಎನ್ನಲು ನಮಗೆ ಕಾರಣ ಇರಲಿಲ್ಲ.

"ಅಳಿಯಂದಿರ ಎಲೆಗೆ ನೊಣ ಬಂತು, ಅಳಿಯ ಬರ್ಲಿಲ್ಲ," ಅಂದರು ಹೋಟೆಲಿನ ಮಾಲೀಕರು. "ಬರ್ಲಿಕ್ಕೆ ಉಂಟಾ, ಇಲ್ವಾ ಮಾರಾಯ್ರೆ?"

"ಬಸ್ ತಪ್ಪಿಸಿಕೊಂಡಿರತಾರ್ರಿ," ಅಂದಳು ಅಕ್ಕ. "ನಸುಕಿನ್ಯಾಗ ಏಳೋದಂದ್ರ ಅವರಿಗೆ ಯುದ್ಧಕ್ಕ ಹೋದಂಗ."

"ಗಂಡ ಬರದಿದ್ರೂ ಹೋಳಿಗಿ ಹೊಟ್ಟಿಗೆ ಇಳೀಲಿಕತ್ತಾವ ಬಿಡವಾ," ಅಂದರು ಹುಬ್ಬಳ್ಳಿಯವರ ಹೆಂಡತಿ.

"ಅವರ ಪಾಲಿಂದೂ ನಾನ ತಿಂತೀನ್ರಿ. ಬಂದ ಮ್ಯಾಲ ಬರೇ ಸಾರು ಹಾಕಿದರಾತು. ತಡಾ ಮಾಡಿದವರಿಗೆ ಅಷ್ಟ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಅವ್ವ ಅಕ್ಕನ ಎಲೆಗೆ ಮತ್ತೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯಿತು.

"ಅವ್ವಾ, ಸಾಕ ಬಿಡು. ನಾ ಏನ ಬೀಗಿತ್ತಿ ಏನ, ಹಿಂಗ ಬಡಸಲಿಕ್ಕೆ?"

"ತಿನ್ನು," ಅಂದಳು ಅವ್ವ. "ತಿನ್ನವಾ."

ಮಗು ತನ್ನ ಎಲೆ ಬಿಟ್ಟು ಭಾವನ ಎಲೆಯ ಮುಂದೆ ಹೋಗಿ ಕೂತು, ಬಾಬಾ ಬರುವ ತನಕ ಈ ಎಲೆ ನಾನು ಕಾಯುತ್ತೇನೆ ಎಂದು ಮರಾಠಿಯಲ್ಲಿ ಹೇಳಿತು. ಹೋಟೆಲಿನ ಮಾಲೀಕರು ಅದಕ್ಕೆ ಸಂಬಳ ಎಷ್ಟು ಎಂದು ಕೇಳಿದರು. ಒಂದು ಹಪ್ಪಳ ಎಂದಿತು.

ಅಕ್ಕ ಐದು ಹೋಳಿಗೆ ತಿಂದಳು. ನಾನೂ ಉಂಡೆ. ಏನು ಉಂಡೆ ಎಂಬುದು ನೆನಪಿದೆ: ಎರಡು ಹೋಳಿಗೆ, ಕಟ್ಟಿನ ಸಾರಿನಲ್ಲಿ ಕಲಸಿದ ಅನ್ನ, ಎಣ್ಣೆಗಾಯಿ ಬದನೆ, ಮಜ್ಜಿಗೆ. ಬೀದಿಯಲ್ಲಿ ಯಾವುದಾದರೂ ಟಾಂಗಾ ನಿಧಾನವಾದರೆ ಅಕ್ಕ ಕೈ ತಡೆದು ಬಾಗಿಲ ಕಡೆ ನೋಡುತ್ತಿದ್ದಳು. ಹಾಗೆ ಮೂರು ಸಲ ನೋಡಿದಳು.

ಊಟವಾದ ಮೇಲೂ ಅವ್ವ ಬಿಡಲಿಲ್ಲ. ದೇವರ ಮುಂದೆ ಅಕ್ಕನನ್ನು ಕೂರಿಸಿ, ಹಣೆಗೆ ಅಗಲವಾಗಿ ಕುಂಕುಮ ಹಚ್ಚಿ, ಸೇವಂತಿಗೆಯ ದಂಡೆ ಮುಡಿಸಿ, ಉಡಿ ತುಂಬಿದಳು. ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಹಸಿರು ಖಣ.

"ನಿನ್ನೆ ನವಮಿಗೆ ತುಂಬೀಯಲ್ಲವ್ವಾ?" ಅಂದಳು ಅಕ್ಕ.

"ಇವತ್ತೂ ಇರಲಿ."

ಒಂದೂ ಕಾಲಿಗೆ ಅತಿಥಿಗಳು ಹೋದರು. ವ್ಯಾನು ಹೊರಟ ಸದ್ದು ಕೇಳಿಸಿತು. ಆಗ ಅಪ್ಪ ಅಕ್ಕನನ್ನು ಕರೆದು, ಭಾವನಿಗೆ ಆರಾಮಿಲ್ಲವಂತೆ, ಹೊರಡೋಣ ಎಂದಷ್ಟೇ ಹೇಳಿದರು. ಅಕ್ಕ ಅಪ್ಪನ ಮುಖ ನೋಡಿದಳು, ಆಮೇಲೆ ಅವ್ವನ ಮುಖ.

"ತಾರು ಯಾವಾಗ ಬಂತು?" ಎಂದು ನನ್ನನ್ನು ಕೇಳಿದಳು.

"ಈಗ," ಅಂದೆ.

ಅಪ್ಪ, ಅಕ್ಕ, ನಾನು ಎರಡರ ಬಸ್ಸಿಗೆ ಹೊರಟೆವು. ಮಗು ಅವ್ವನ ಹತ್ತಿರ ಉಳಿಯಿತು. ದಾರಿಯಲ್ಲಿ ಊರೂರಿಗೂ ಜನ ಹೊಸ ಬಟ್ಟೆ ಹಾಕಿಕೊಂಡು, ಬಂಗಾರ ಎಂದು ಆಪ್ತೆಯ ಎಲೆ ಹಂಚುತ್ತಿದ್ದರು. ಯೇವಲಾದಲ್ಲಿ ಕಂಡಕ್ಟರ್ ನಮ್ಮ ಮೂವರಿಗೂ ಎಲೆ ಕೊಟ್ಟು ಕೈಮುಗಿದ. ಅಕ್ಕ ಅದನ್ನು ಉಡಿಯಲ್ಲಿ ಹಾಕಿಕೊಂಡಳು. ಒಮ್ಮೆ, ಆಸ್ಪತ್ರೆಯಲ್ಲಿ ಅನ್ನ ಕೊಡುತ್ತಾರೋ ಗಂಜಿಯೋ ಎಂದು ಕೇಳಿದಳು.

ಎಂಟಕ್ಕೆ ತಲುಪಿದೆವು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾಸ್ತರರು ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತು, ಮರಾಠಿಯಲ್ಲಿ ಅಪ್ಪನಿಗೆ ಹೇಳಿದರು:

"ಒಂದೂವರೆ ತಾಸಾಯಿತು, ಹೋದರು. ನೀವು ಹನ್ನೊಂದರ ಬಸ್ಸಿಗೆ ಬರುತ್ತೀರಿ ಅಂದುಕೊಂಡಿದ್ದೆ. ಐದಕ್ಕೆ ಸ್ಟ್ಯಾಂಡಿಗೆ ನಾನೇ ಹೋಗಿದ್ದೆ. ಎಲ್ಲರೂ ಇಳಿಯುವ ತನಕ ನಿಂತಿದ್ದೆ."

ಅಪ್ಪ ತಂತಿಯ ಮಾತು ತೆಗೆದರು. "ಸೀರಿಯಸ್ ಅಂತ ಬರೆದಿದ್ರಲ್ಲ, ನಾವು..."

"ಸೀರಿಯಸ್ ಇದ್ದರು, ಬರೆದೆ," ಅಂದರು ಮಾಸ್ತರರು. "ತೀರಿಕೊಂಡಿದ್ದರೆ ತೀರಿಕೊಂಡರು ಅಂತ ಬರೆಯುತ್ತಿದ್ದೆ."

ಹಿಂದಿನ ರಾತ್ರಿ ಭಾವನ ಹೊಟ್ಟೆಯೊಳಗೆ ಕರುಳು ಒಡೆದಿತ್ತು. ಆಸ್ಪತ್ರೆಗೆ ಬರುವಷ್ಟರಲ್ಲಿ ವಿಷ ಏರಿ, ಶಸ್ತ್ರಕ್ರಿಯೆಗೆ ಹೊತ್ತು ಮೀರಿತ್ತು. ಆದರೆ ಐದೂವರೆಯವರೆಗೆ ಎಚ್ಚರವಿತ್ತು. ಬಸ್ಸು ಬಂತೇ ಎಂದು ಕೇಳಿದರಂತೆ. ಬಂತು, ಅವರು ಮುಂದಿನದರಲ್ಲಿ ಬರುತ್ತಾರೆ ಎಂದು ಮಾಸ್ತರರು ಹೇಳಿದರಂತೆ. ಈ ಮಾತೆಲ್ಲ ಅಕ್ಕ ನನ್ನ ಪಕ್ಕದಲ್ಲೇ ನಿಂತು ಕೇಳಿದಳು. ಅವಳ ತಲೆಯಲ್ಲಿ ಅವ್ವ ಮುಡಿಸಿದ ದಂಡೆ ಹಾಗೇ ಇತ್ತು.

ಹದಿಮೂರನೆಯ ದಿನದ ಮರುದಿನ, ಔರಂಗಾಬಾದಿನ ಮನೆಯಲ್ಲಿ, ತಂತಿ ಕೊಡು ಎಂದು ಅಕ್ಕ ನನ್ನನ್ನು ಕೇಳಿದಳು. ಹೊರಡುವಾಗ ಮಣೆಯ ಕೆಳಗಿನಿಂದ ತೆಗೆದು ಜೇಬಿಗೆ ಹಾಕಿಕೊಂಡದ್ದನ್ನು ಕೊಟ್ಟೆ. ಮೇಲಿದ್ದ ಹೊತ್ತನ್ನು ಓದಿದಳು.

"ಎಷ್ಟಕ್ಕ ಕೈಗೆ ಬಂತು?"

"ಹತ್ತೂವರೆಗೆ."

"ಹನ್ನೊಂದರ ಬಸ್ ಇತ್ತು."

"ಇತ್ತು."

"ನಿನಗ ಗೊತ್ತಿತ್ತು."

"ಗೊತ್ತಿತ್ತು."

ಮಗುವಿನೊಂದಿಗೆ ಔರಂಗಾಬಾದಿಗೆ ಬಂದಿದ್ದ ಅವ್ವ ಒಳಗಿನಿಂದ ಹೊರಗೆ ಬಂದಳು. "ನಿನ್ನ ಸಲುವಾಗಿ ಮಾಡಿದೆನವಾ. ಎಲ್ಲಾ ಮುಗದದ ಅಂತ ತಿಳಕೊಂಡ್ವಿ. ಒಂದ ಊಟ ನೆಮ್ಮದೀಲೆ ಮಾಡಲಿ ಅಂತ..."

"ಐದು ಹೋಳಿಗಿ ತಿನ್ನಿಸಿದಿ," ಅಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ನಾ ನಕ್ಕೊಂತ ತಿಂದೆ. ಆ ಹೊತ್ತಿಗೆ ಅವರು ನನ್ನ ದಾರಿ ನೋಡಲಿಕತ್ತಿದ್ರು. ನನಗ ಒಂದ ಮಾತ ಕೇಳಬೇಕಿತ್ತವ್ವಾ. ಉಣ್ಣತೀಯೋ, ಹೋಗತೀಯೋ ಅಂತ ಒಂದ ಮಾತ."

ಅವ್ವ ಅವಳ ಕೈ ಹಿಡಿಯಲು ಹೋದಳು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ನೀರು ತರಲು ಹೋದಳು.

ಹೋಟೆಲಿನ ಮಾಲೀಕರಿಗೆ ವಿಷಯ ತಿಳಿದದ್ದು ಒಂದು ತಿಂಗಳ ಮೇಲೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. "ವ್ಯಾನು ನಿಮ್ಮ ಬಾಗ್ಲಲ್ಲೇ ಇತ್ತಲ್ಲ," ಅಂದರು. "ಹನ್ನೆರಡಕ್ಕೆ ಹೇಳಿದ್ರೂ ನಾಲ್ಕೂವರೆಗೆ ಮುಟ್ತಿದ್ವಿ. ನನ್ನ ಹತ್ರ ಕೂಡಾ ಎಂತಕ್ಕೆ ಮುಚ್ಚಿಟ್ರಿ?" ನನ್ನ ಚಹಾ ತಣ್ಣಗಾಯಿತು. ಮುಂದಿನ ದಸರೆಗೆ ಅಪ್ಪ ಅವರನ್ನು ಕರೆಯಲು ಹೋದಾಗ, ಹೋಟೆಲಿನಲ್ಲಿ ಕೆಲಸ ಉಂಟು ಎಂದು ಹೇಳಿ ಕಳಿಸಿದರು. ಹುಬ್ಬಳ್ಳಿಯವರು ಬಂದರು, ಉಂಡರು, ಬೇಗ ಹೋದರು. ಅದರ ಮುಂದಿನ ವರ್ಷದಿಂದ ಅಪ್ಪ ಯಾರನ್ನೂ ಕರೆಯಲಿಲ್ಲ. ಹತಾರಗಳ ಪೂಜೆ ಮಾತ್ರ ನಡೆಯಿತು.

ಅಕ್ಕ ತವರಿಗೆ ಮರಳಲಿಲ್ಲ. ಮಾಸ್ತರರ ಸಹಾಯದಿಂದ ಶಿಕ್ಷಕಿಯ ತರಬೇತಿ ಮುಗಿಸಿ, ಪೈಠಣದ ಪ್ರಾಥಮಿಕ ಶಾಲೆಯೊಂದಕ್ಕೆ ಸೇರಿದಳು. ನಾನು ಹೋದಾಗ ಬಾಗಿಲು ತೆರೆಯುತ್ತಿದ್ದಳು, ಅಡುಗೆ ಮಾಡಿ ಬಡಿಸುತ್ತಿದ್ದಳು. ನನ್ನ ಜೊತೆ ಕೂತು ಉಣ್ಣುತ್ತಿರಲಿಲ್ಲ.

1974ರಲ್ಲಿ ಅವ್ವ ಹಾಸಿಗೆ ಹಿಡಿದಳು. ಅಕ್ಕ ನಾಸಿಕಕ್ಕೆ ಬಂದು ಹನ್ನೊಂದು ದಿನ ಇದ್ದಳು. ಅವ್ವನಿಗೆ ಮೈ ತೊಳೆಸಿದಳು, ಔಷಧ ಕುಡಿಸಿದಳು, ರಾಗಿ ಗಂಜಿ ತಾನೇ ಕಾಯಿಸಿ ಚಮಚದಿಂದ ಹಾಕಿದಳು. ತನ್ನ ಊಟಕ್ಕೆ ಎರಡು ಹೊತ್ತೂ ಉಡುಪಿ ಹೋಟೆಲಿಗೆ ಹೋದಳು. ಅವ್ವ ಒಂದು ಸಂಜೆ, "ಒಂದ ತುತ್ತರೆ ನನ್ನ ಮುಂದ ಉಣ್ಣವಾ," ಅಂದಳು. ಅಕ್ಕ ಅವಳ ಬಾಯಿ ಒರೆಸಿ ಬಟ್ಟಲು ತೊಳೆಯಲು ಹೋದಳು. ಅವ್ವ ತೀರಿಕೊಂಡದ್ದು ಆ ವಾರದ ಕೊನೆಗೆ. ಅಕ್ಕ ಹತ್ತಿರವೇ ಇದ್ದಳು.

ಅಪ್ಪ 1977ರಲ್ಲಿ ಹೋದರು. ಅಕ್ಕ ಬಂದು ಮೂರು ದಿನ ಇದ್ದು ಹಿಂತಿರುಗಿದಳು.

ಆ ಮೇಲಿನ ನನ್ನ ಕಾಗದಗಳಿಗೆ ಅವಳ ಮಗಳು ಮರಾಠಿಯಲ್ಲಿ ಉತ್ತರ ಬರೆಯುತ್ತಿದ್ದಾಳೆ. ಕೊನೆಯದು ಬಂದದ್ದು ಈ ವರ್ಷ, 1979ರ ಜೂನ್ ತಿಂಗಳಲ್ಲಿ. ತಾನು ಒಂಬತ್ತನೆಯ ತರಗತಿಗೆ ಹೋದೆ, ಆಯಿಗೆ ವರ್ಗವಾಗಿದೆ, ಪೈಠಣದ ಮನೆ ಖಾಲಿ ಮಾಡಿದೆವು ಎಂದು ಅದರಲ್ಲಿದೆ. ಹೊಸ ಊರಿನ ಹೆಸರು ಬರೆದಿಲ್ಲ.