ದುರ್ಗಪ್ಪನವರ ಅಂಗೈ

ಹೊಸ ಚರ್ಮ ಬಂದ ದಿನ ದುರ್ಗಪ್ಪನವರು ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಉಪ್ಪು ಉಳಿದಿದೆಯೋ, ಹದ ಸರಿಯಾಗಿದೆಯೋ ಅಷ್ಟರಲ್ಲೇ ತಿಳಿಯುತ್ತಿತ್ತು. ಒಮ್ಮೆ ಇಡೀ ಟೆಂಪೊ ಮಾಲನ್ನು ಹಾಗೆಯೇ ವಾಪಸು ಕಳಿಸಿದ್ದರು. ವಾರದ ನಂತರ ಲ್ಯಾಬಿನಿಂದ ನನಗೂ ಅದೇ ಉತ್ತರ ಬಂದಾಗ, "ಬಿಎಸ್ಸಿ ಸಾಹೇಬ್ರ, ನಿಮ್ಮ ಗಾಜಿನ ನಳಿಗಿ ಭಾಳ ಸಾವಕಾಶ ಉಣ್ಣತೈತಿ ನೋಡ್ರಿ" ಎಂದು ನಕ್ಕಿದ್ದರು.

ಮುಂಬೈಯ ವಿಕ್ರೋಳಿಯಲ್ಲಿ ನಮ್ಮದು ವಿದೇಶಕ್ಕೆ ಬೂಟು ಕಳಿಸುವ ಸಣ್ಣ ಕಾರ್ಖಾನೆ. ಅಥಣಿ ಕಡೆಯ ದುರ್ಗಪ್ಪನವರು ಅಲ್ಲಿ ಚರ್ಮ ಆರಿಸುವುದರಿಂದ ಪ್ಯಾಕಿಂಗ್‌ವರೆಗೆ ಎಲ್ಲಕ್ಕೂ ಹಿರಿಯ ಕೆಲಸಗಾರ. ನಾನು ಬೊರಿವಲಿಯಿಂದ ಬರುವ ರಸಾಯನಶಾಸ್ತ್ರದ ಪದವೀಧರ. ಸರ್ಟಿಫಿಕೇಟುಗಳು ನನ್ನ ಕೆಲಸ. ನನ್ನ ಬೂಟು ನೋಡದೆ ಅವರು ನಮಸ್ಕಾರ ಹೇಳುತ್ತಿರಲಿಲ್ಲ. "ಹಿಮ್ಮಡ ಸವದೈತಿ. ದಾದರ್‌ದಾಗ ಓಡಬ್ಯಾಡ್ರಿ, ಇನ್ನೊಂದು ಲೋಕಲ್ ಬರತೈತಿ."

ತೊಂಬತ್ತರ ದಶಕದ ಆರಂಭ. ಜರ್ಮನಿಯಿಂದ ಪತ್ರ ಬಂತು: ಬೂಷ್ಟು ತಡೆಯಲು ಚರ್ಮಕ್ಕೆ ಹಾಕುವ ಪೆಂಟಾಕ್ಲೋರೋಫಿನಾಲ್ ಇನ್ನು ನಡೆಯದು, ತೊಡುವವರ ಮೈಗೆ ವಿಷ. ನಾನು ಅದಿಲ್ಲದ ಚರ್ಮ ತರಿಸಿದೆ, ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ ಸರ್ಟಿಫಿಕೇಟು ಪಡೆದೆ. ಗೋದಾಮಿನ ಗೋಡೆಗೆ ನೋಟಿಸನ್ನೂ ಅಂಟಿಸಿದೆ, ಇಂಗ್ಲಿಷಿನಲ್ಲಿ.

ಹಡಗು ತಡವಾಯಿತು. ಜುಲೈ ತೇವಕ್ಕೆ ಸಿದ್ಧ ಬೂಟುಗಳ ಮೇಲೆ ಬಿಳಿ ಚುಕ್ಕೆಗಳು ಎದ್ದವು. ಪ್ರತಿ ಮಳೆಗಾಲದಂತೆ ದುರ್ಗಪ್ಪನವರು ಮೂಲೆಯಿಂದ ಬೂಷ್ಟಿನ ಔಷಧದ ಹಳೆಯ ಡಬ್ಬಿ ತೆಗೆದರು. ಎರಚಲಿಗೆ ಬಾಗಿಲು ಮುಚ್ಚಿಕೊಂಡು, ಬರಿಗೈಯಲ್ಲಿ ಬಟ್ಟೆ ಅದ್ದಿ, ಎರಡು ದಿನ ಒಂದೊಂದೇ ಬೂಟು ಒರೆಸಿದರು. ಶನಿವಾರ ನಾನು ಒಳಗೆ ಕಾಲಿಟ್ಟಾಗ ವಾಸನೆ ಮೂಗಿಗೆ ಬಡಿಯಿತು.

"ದುರ್ಗಪ್ಪನವರೇ, ಇದನ್ನ ಹಾಕಬಾರದು ಅಂತ ನೋಟಿಸ್ ಇದೆಯಲ್ಲ!"

"ಹೌದೇನ್ರಿ? ನಾ ಬೀಡಿ ಸೇದಬ್ಯಾಡ್ರಿ ಅಂತ ಬರದಿರಬೇಕಂದೆ. ನನ್ನ ಕೈಯಾಗಿನ ಜೋಡು ಬೂಷ್ಟ ಹಿಡಕೊಂಡು ಹಡಗ ಹತ್ತಬೇಕೇನು?"

ಪೆಂಟಾಕ್ಲೋರೋಫಿನಾಲ್ ಎಂದು ಬರೆದಿದ್ದ ಡಬ್ಬಿಯ ಚೀಟಿ ಕಿತ್ತು ಮಾಲೀಕ ಶೇಠ್‌ಗೆ ತೋರಿಸಿದೆ. "ಸರ್ಟಿಫಿಕೇಟ್ ತೋ ಆ ಗಯಾ ನಾ? ಚಲೋ, ಪ್ಯಾಕ್ ಕರೋ" ಎಂದರು. ಆ ಬೂಟುಗಳನ್ನು ಕಳಿಸಬಾರದೆಂದು ಸ್ವಲ್ಪ ವಾದಿಸಿ, ಸೋತು ಕುರ್ಚಿಗೆ ಮರಳಿದೆ. ಎರಡು ದಿನ ವಿಷದಲ್ಲಿ ಅದ್ದಿದ್ದ ದುರ್ಗಪ್ಪನವರ ಕೈ ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಅವರು ಪೆಟ್ಟಿಗೆಗಳ ನಡುವೆ ಕುಸಿದರು. ಅಂಗಿ ಹಿಂಡುವಷ್ಟು ಬೆವರು, ಮೈ ಕಾದ ಹಂಚು. ರಿಕ್ಷಾ ಹತ್ತಿಸುವಾಗ ಶೇಠ್ ನನ್ನ ಕಿವಿಯಲ್ಲಿ, "ಬುಖಾರ್ ಬೋಲೋ, ಬಸ್" ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ನಾನು "ಜ್ವರ" ಎಂದೆ. ಅವರು ಮಲೇರಿಯಾ ಎಂದುಕೊಂಡರು. ವಿಷದಲ್ಲಿ ತೊಯ್ದ ಅಂಗಿ ಇನ್ನೂ ಮೈಗೆ ಅಂಟಿತ್ತು, ಚೀಟಿ ನನ್ನ ಜೇಬಿನಲ್ಲಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆದವು.

ದುರ್ಗಪ್ಪನವರು ಕಣ್ಣು ತೆರೆದರು. "ಶಾಣ್ಯಾ ಮನಶಾ, ನೀವು ನನ್ನ ಸಂಗಾಟ ಅದೀರಿ. ಇನ್ನ ಅಂಜಿಕಿ ಇಲ್ಲ."

ಚೀಟಿ ಕೊಟ್ಟೆ. ಡಾಕ್ಟರು ನನ್ನನ್ನು ಒಮ್ಮೆ ನೋಡಿದರು, ಮರುಕ್ಷಣ ನರ್ಸಿಗೆ ಕೂಗಿದರು. ಅಂಗಿ ಕತ್ತರಿಸಿ, ಸಾಬೂನು ನೀರಿನಲ್ಲಿ ಮೈಯೆಲ್ಲ ತೊಳೆದರು. ಜೀವ ಉಳಿಯಿತು. ಈಗಲೂ ಸುಮ್ಮನೆ ಕುಳಿತಾಗ ಆ ಗಡಿಯಾರ ಕಾಣುತ್ತದೆ.

ಸೋಮವಾರ ಬೂಟುಗಳು ನನ್ನ ಸರ್ಟಿಫಿಕೇಟಿನೊಂದಿಗೆ ಹೊರಟುಹೋದವು. ಕೊಂಡವರಿಗೆ ಪತ್ರ ಬರೆದೆ, ಅಂಚೆಗೆ ಹಾಕಲಿಲ್ಲ.

ತಿಂಗಳ ನಂತರ ದುರ್ಗಪ್ಪನವರನ್ನು ಊರಿನ ಗಾಡಿ ಹತ್ತಿಸಲು ದಾದರ್‌ಗೆ ಹೋದೆ. ಕಿಟಕಿಯ ಪಕ್ಕ ಕುಳಿತು, ಅಭ್ಯಾಸದಂತೆ ನನ್ನ ಬೂಟು ನೋಡಿ, ದನಿ ತಗ್ಗಿಸಿದರು.

"ಆ ಜೋಡು ಹಾಕ್ಕೊಂಡವರಿಗೆ ಏನೂ ಆಗೂದಿಲ್ಲಲ್ರಿ? ನನ್ನ ಕೈಲೆ ಒರಸೀನಿ."

"ಏನಿಲ್ಲ. ಅವರು ಕಾಲುಚೀಲ ಹಾಕ್ಕೋತಾರೆ" ಎಂದೆ.

"ಹೌದಲ್ರಿ, ಮರತ ಬಿಟ್ಟಿದ್ದೆ!" ಎಂದು ನಿಜವಾಗಿಯೂ ಹಗುರಾಗಿ ನಕ್ಕು, ಕಿಟಕಿಯಿಂದ ಕೈ ಚಾಚಿದರು. ಅಂಗೈಯ ಚರ್ಮ ಇನ್ನೂ ಸುಲಿಯುತ್ತಿತ್ತು. ಗಾಡಿ ಚಲಿಸುವವರೆಗೆ ನಾನು ಅದನ್ನು ಹಿಡಿದುಕೊಂಡಿದ್ದೆ.