ಕಡಲೆಕಾಯಿ ಸಿಪ್ಪೆಯೂ ಪೋಷಕ ನಟಿಯೂ

ನನ್ನ ಅಂಗಿಯ ಜೇಬಿನಲ್ಲಿ ಕಡಲೆಕಾಯಿ ಸಿಪ್ಪೆ ಸಿಗುವುದು ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ದಿನದ ಖಾಯಂ ಕಾರ್ಯಕ್ರಮ. ಮನೆಯಾಕೆ ಅದನ್ನು ಹೊರತೆಗೆದು, ಭೂಗತ ನಾಗರಿಕತೆಯೊಂದನ್ನು ಅಗೆದು ತೆಗೆದವರ ಗಾಂಭೀರ್ಯದಿಂದ ಕಿಟಕಿಯ ಮೇಲೆ ಸಾಲಾಗಿ ಜೋಡಿಸಿಡುತ್ತಾಳೆ. ಆಯುಷ್ಯವೆಲ್ಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಲ್ಲಿ ಇದಕ್ಕಿಂತ ಘನವಾದ ಅವಶೇಷಗಳು ದೊರೆಯಬೇಕಿತ್ತು ಎಂಬುದು ಆಕೆಯ ಮೌನಟೀಕೆ. ಆದರೆ ಓದುಗ ಮಿತ್ರರೇ, ಅವು ಒಂದು ಶಾಸ್ತ್ರದ ಅಧ್ಯಯನ ಸಾಮಗ್ರಿ ಎಂದು ನಿಮ್ಮಲ್ಲಿ ಮಾತ್ರ ನಿವೇದಿಸಿಕೊಳ್ಳುತ್ತೇನೆ.

ಸಿನಿಮಾ ಪ್ರಶಸ್ತಿಗಳು ಯಾರ ಪಾಲಾಗುತ್ತವೆಂದು ಮುಂದಾಗಿ ಹೇಳುವ ಶಾಸ್ತ್ರ ಅದು. ಪ್ರಶಸ್ತಿ ಪ್ರಕಟವಾಗುವ ಮುನ್ನ ನಮ್ಮ ನಮ್ಮ ಊಹೆಯನ್ನೂ ಅದರ ಕಾರಣವನ್ನೂ ಚೀಟಿಯಲ್ಲಿ ಬರೆದು, ಮಧುಗಿರಿಯ ಬಷೀರ್ ಸಾಬರ ಟೀ ಅಂಗಡಿಯ ಹಳೆಯ ಬಿಸ್ಕತ್ತಿನ ಭರಣಿಗೆ ಹಾಕುತ್ತೇವೆ. ಪ್ರಕಟವಾದ ಸಂಜೆ ಭರಣಿ ತೆರೆದು, ಗೆದ್ದದ್ದು ಸೋತದ್ದು ಎನ್ನದೆ ಎಲ್ಲ ಚೀಟಿಗಳನ್ನೂ ಗಟ್ಟಿಯಾಗಿ ಓದಲೇಬೇಕೆಂಬುದು ನಿಯಮ. ಸಿರಾದಿಂದ ಬಂದು ಇಲ್ಲಿ ನೆಲೆನಿಂತ ಬಷೀರ್ ಸಾಬರು, ಪಾವಗಡದ ಬಸ್ಸಿನಲ್ಲಿ ಸೀಟಿ ಊದಿ ನಿವೃತ್ತನಾದ ಕಂಡಕ್ಟರ್ ನಾರಾಯಣಪ್ಪ, ಈರಕ್ಕ ಮತ್ತು ನಾನು, ಇಷ್ಟೇ ಮಂದಿಯ ವಿದ್ವತ್ಸಭೆ ನಮ್ಮದು. ಬಸ್ಸಿನ ಬೆನ್ನ ಮೇಲೆ ಯಾರ ಮುಖ ಹೆಚ್ಚಾಗಿ ಕಂಡಿತೋ ಅವರಿಗೇ ಪ್ರಶಸ್ತಿ ಎಂಬುದು ನಾರಾಯಣಪ್ಪನ ಸಿದ್ಧಾಂತ. ನಾನಾದರೋ ರಸ, ಭಾವ, ಔಚಿತ್ಯಗಳನ್ನು ತೂಗಿ ನೋಡಿ, ಹನ್ನೊಂದು ವರ್ಷ ಒಂದೂ ಬಿಡದಂತೆ ತಪ್ಪಿದ್ದೇನೆ. ಇಂಥ ಅಖಂಡತೆಯೂ ಒಂದು ಸಾಧನೆಯೇ.

"ಏಮಿ ಸಾರ್, ಈ ವರ್ಷಾನೂ ಫೇಲೇನಾ?" ಎಂದು ನಾರಾಯಣಪ್ಪ ಕುಶಲ ವಿಚಾರಿಸುತ್ತಾನೆ.

ಹೆಚ್ಚು ಸಲ ಗೆದ್ದವಳು ಈರಕ್ಕ. ಟೀ ಅಂಗಡಿಯ ಎದುರಿನ ಚಿತ್ರಮಂದಿರದಲ್ಲಿ ಹೆಂಗಸರ ಬಾಗಿಲು ಕಾದು, ಆಟ ಬಿಟ್ಟ ಮೇಲೆ ಕಸ ಗುಡಿಸುತ್ತಿದ್ದವಳು. ಅಕ್ಷರದ ಗೊಡವೆಯಿಲ್ಲದ್ದರಿಂದ ಅವಳ ಚೀಟಿಯನ್ನು ಬಷೀರ್ ಸಾಬರು, ಗುಟ್ಟು ಬಿಡುವುದಿಲ್ಲವೆಂಬ ಆಣೆಯ ಮೇಲೆ, ಬರೆದುಕೊಡುತ್ತಾರೆ. ಅವಳು ಪರದೆಯ ಕಡೆ ನೋಡುತ್ತಿದ್ದುದೇ ಕಡಿಮೆ. ಕತ್ತಲಲ್ಲಿ ನಿಂತು, ಕಡಲೆಕಾಯಿ ಒಡೆಯುವ ಚಟಪಟ ಸದ್ದು ಪರದೆಗೆ ಯಾರು ಬಂದಾಗ ನಿಲ್ಲುತ್ತದೆಂದು ಆಲಿಸುತ್ತಿದ್ದಳು. ಆಮೇಲೆ ಸಿಪ್ಪೆಯ ರಾಶಿ ನೋಡಿ ಚಿತ್ರದ ಯೋಗ್ಯತೆ ನಿರ್ಧರಿಸುತ್ತಿದ್ದಳು. ಅವಳ ಕಾವ್ಯಮೀಮಾಂಸೆ ಒಂದೇ ಉಸಿರಿನದು: "ಅಳೋದು ಸುಳ್ಳಿರ್ಬೋದು ಮೇಷ್ಟ್ರೇ, ಅಳ್ತಾ ಅಳ್ತಾನೇ ತಿಂತಾರೆ. ಕೈ ನಿಂತೋಯ್ತದಲ್ಲ, ಅದು ಸುಳ್ಳಲ್ಲ." ನಾನು ತರಗತಿಯಲ್ಲಿ ಮೂರು ವಾರ ಹಿಡಿದು ಮಾಡುತ್ತಿದ್ದ ಪಾಠ ಇದೇ ಅಲ್ಲವೇ ಎಂದು ಹೊಳೆದಾಗ ಟೀ ಆರಿಹೋಗಿತ್ತು.

ಈಗ ಆ ಚಿತ್ರಮಂದಿರ ಕಡಲೆಕಾಯಿ ಗೋದಾಮಾಗಿದೆ. ಪ್ರೇಕ್ಷಕರು ಹೋದರು, ತಿಂಡಿ ಉಳಿದುಕೊಂಡಿತು. ನಾವು ತುಮಕೂರಿಗೆ ಬಸ್ಸು ಹತ್ತಿ ಹೋಗಿ ಸಿನಿಮಾ ನೋಡುತ್ತೇವೆ. ಈರಕ್ಕ ಮಡಿಲಲ್ಲಿ ಕಡಲೆಕಾಯಿ ಅಡಗಿಸಿಕೊಂಡು ಬಂದು, ನಮಗೆ ಹಂಚಿ, ನಮ್ಮ ಕೈಗಳನ್ನೇ ನೋಡುತ್ತಾ ಕೂರುತ್ತಾಳೆ. ನನ್ನ ಜೇಬಿನ ಸಿಪ್ಪೆಗಳ ಮೂಲ ಅದು.

ಈ ಸಲದ ಕಥೆ ಬೇರೆ. ಪಾವಗಡದ ರಾಯಚರ್ಲು ಕಡೆ ಸೋಲಾರ್ ಫಲಕಗಳ ನಡುವೆ ಚಿತ್ರೀಕರಣಕ್ಕೆ ಹೊರಟಿದ್ದ ತಂಡವೊಂದು ಟೀಗೆಂದು ಇಳಿದಾಗ, ನೆಲಕ್ಕೆ ಸಿಪ್ಪೆ ಎಸೆದ ನಾರಾಯಣಪ್ಪನನ್ನು ಈರಕ್ಕ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ನಿರ್ದೇಶಕರು ಟೀ ಮರೆತು ನಿಂತರು. ಮರುದಿನವೇ ಅವಳು ಫಲಕಗಳ ನೆರಳಲ್ಲಿ ಕುರಿ ಮೇಯಿಸುವ ಅಜ್ಜಿಯ ಪಾತ್ರಕ್ಕೆ ಹೋದಳು. ಚಿತ್ರ ಬಂತು, ಪತ್ರಿಕೆಗಳು ಹೊಗಳಿದವು, ಪೋಷಕ ನಟಿ ಪ್ರಶಸ್ತಿ ಅವಳಿಗೇ ಎಂದು ಊರೆಲ್ಲ ತೀರ್ಪು ಕೊಟ್ಟಿತು. ಬಷೀರ್ ಸಾಬರು ಪ್ರಶಸ್ತಿ ಫಲಕ ತೂಗುಹಾಕಲು ಗೋಡೆಗೆ ಮೊಳೆಯನ್ನೂ ಹೊಡೆದರು.

ಚೀಟಿ ಬರೆಯಲು ಕುಳಿತ ನಾನು ಎರಡು ದಿನ ಕಾಗದದ ಮುಂದೆ ಒದ್ದಾಡಿದೆ. ಅದೇ ವರ್ಷ ನಾವೆಲ್ಲ ನೋಡಿದ್ದ ಇನ್ನೊಂದು ಚಿತ್ರದಲ್ಲಿ, ಹೆಚ್ಚು ಹೆಸರಿಲ್ಲದ ರಂಗನಟಿಯೊಬ್ಬಳು ಮಗನ ಕಾಗದ ಬಂದಿದೆ ಎಂದು ಕೇಳಿ, ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಮತ್ತೆ ಅದೇ ಪಾತ್ರೆಯನ್ನೇ ತೊಳೆಯತೊಡಗಿದ್ದಳು. ಆಗ ನನ್ನ ಕೈ ನಿಂತದ್ದು ನನಗೆ ಗೊತ್ತಿತ್ತು. ಈರಕ್ಕನ ಹೆಸರು ಬರೆದರೆ ಅವಳು ಕಲಿಸಿದ ಶಾಸ್ತ್ರಕ್ಕೆ ದ್ರೋಹ; ಬರೆಯದಿದ್ದರೆ ಈರಕ್ಕನಿಗೇ ದ್ರೋಹ. ಆ ರಂಗನಟಿಯ ಹೆಸರನ್ನೇ ಬರೆದು, ಹೇಗೂ ನನ್ನ ಊಹೆ ತಪ್ಪುವುದು ಖಚಿತವೆಂದು ಸಮಾಧಾನ ಪಟ್ಟುಕೊಂಡೆ.

ಹನ್ನೊಂದು ವರ್ಷ ಕೈಬಿಡದ ಸೋಲು ಪ್ರಶಸ್ತಿ ಪ್ರಕಟವಾದ ಸಂಜೆಯೇ ಕೈಕೊಟ್ಟಿತು. ನಾರಾಯಣಪ್ಪ ಫೋನು ನೋಡಿ ಪೋಷಕ ನಟಿಯ ಹೆಸರು ಓದಿದ. ಪಾತ್ರೆ ತೊಳೆದವಳೇ. ಈರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಬಷೀರ್ ಸಾಬರು ಎಲ್ಲರ ಮುಂದೆ ಒಂದೊಂದು ಹಿಡಿ ಕಡಲೆಕಾಯಿ ಸುರಿದು ಭರಣಿಯನ್ನು ನನ್ನ ಕಡೆ ತಳ್ಳಿದರು. ಈ ವರ್ಷ ಓದುವ ಸರದಿ ನನ್ನದು.

ನಾರಾಯಣಪ್ಪನ ಚೀಟಿಯಲ್ಲಿ ಈರಕ್ಕ. ಬಷೀರ್ ಸಾಬರದರಲ್ಲೂ ಈರಕ್ಕ. ಮೂರನೆಯದು ನನ್ನದು. ರಂಗನಟಿಯ ಹೆಸರನ್ನೂ ಕಾರಣವನ್ನೂ ಓದಿದೆ.

"ಇವ್ರಿಗೆ ಗೆಲ್ಲಾಕೆ ಬೇರೆ ವರ್ಷ ಸಿಗ್ನಿಲ್ವಾ?" ಎಂದ ನಾರಾಯಣಪ್ಪ.

"ಅರೆ, ಇನ್ನೊಂದೈತೆ, ಓದಿ ಮೇಷ್ಟ್ರೇ" ಎಂದರು ಬಷೀರ್ ಸಾಬರು, ಆಣೆಯ ಭಾರ ಇಳಿಯುವವರ ಉತ್ಸಾಹದಲ್ಲಿ. ನಾಲ್ಕನೆಯ ಚೀಟಿಯಲ್ಲೂ ಅದೇ ರಂಗನಟಿಯ ಹೆಸರಿತ್ತು. ಕಾರಣ: ಮೇಷ್ಟ್ರ ಕೈ ನಿಂತೋಯ್ತು.

"ಆಸೆ ಇರ್ನಿಲ್ಲ ಅಂತ ಸುಳ್ಳು ಹೇಳಾಕಿಲ್ಲ" ಎಂದಳು ಈರಕ್ಕ. "ಆದ್ರೆ ನನ್ ಸೀನ್ ಬಂದಾಗ ನೀವು ಮೂವರೂ ತಿಂತಾನೇ ಇದ್ರಲ್ಲಪ್ಪಾ! ಚೆನ್ನಾಗೈತೆ ಚೆನ್ನಾಗೈತೆ ಅಂತ ಅಂದ್ಕೊಂಡೇ ತಿಂದ್ರಿ."

ಮೂವರೂ ಟೀ ಲೋಟಗಳ ತಳವನ್ನು ಪರಿಶೀಲಿಸಿದೆವು. ಅವಳು ಹಳೆಯ ಅಭ್ಯಾಸದಂತೆ ಮೇಜಿನ ಮೇಲಿನ ಸಿಪ್ಪೆಯನ್ನು ಅಂಗೈಯಲ್ಲಿ ಬಳಿಯತೊಡಗಿದಳು. ನಾರಾಯಣಪ್ಪನ ಮುಂದೆ ಗುಡ್ಡೆ, ಬಷೀರ್ ಸಾಬರ ಮುಂದೆ ಗುಡ್ಡೆ. ನನ್ನ ಮುಂದೆ ಬಂದು ಅವಳ ಕೈ ತಡೆಯಿತು. ಒಂದು ಸಿಪ್ಪೆಯೂ ಇರಲಿಲ್ಲ.

"ನನ್ ಚೀಟಿ ಓದಿ ಮುಗ್ಸೋವರ್ಗೂ ಒಂದ್ ಕಾಯೂ ಒಡ್ದಿಲ್ವಲ್ಲ ಮೇಷ್ಟ್ರೇ!" ಅವಳ ಮುಖ ಅರಳಿತು. "ಸಾಕು ಬುಡಿ. ನಂಗೂ ಪ್ರಶಸ್ತಿ ಬಂತು."

ಈ ವಾರ ಬಟ್ಟೆ ಒಗೆಯುವಾಗ ಮನೆಯಾಕೆ ನನ್ನ ಜೇಬಿನಿಂದ ಸಿಪ್ಪೆಯ ಬದಲು ಒಡೆಯದ ಕಡಲೆಕಾಯಿಗಳನ್ನು ತೆಗೆದಳು. ಒಂದು ಹಿಡಿ, ಇಡಿಯಾಗಿಯೇ. ಇವನ್ನೇನು ಮಾಡುವುದೆಂಬಂತೆ ನನ್ನತ್ತ ನೋಡಿದಳು. ಕಿಟಕಿಯ ಮೇಲೆಯೇ ಇರಲಿ ಎಂದೆ.