ಬೆನ್ನು ಬಿಡದ ಕ್ಯಾಮೆರಾ

ಬೆನ್ನ ಹಿಂದೆ ಮಾತಾಡುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ಬೆನ್ನ ಹಿಂದೆಯೇ ನಲವತ್ತು ವರ್ಷ ದುಡಿದವರು ನೈರೋಬಿಯಲ್ಲಿ ಒಬ್ಬರಿದ್ದಾರೆ. ಇದು ಅವರ ಕಥೆ. ಒಗ್ಗರಣೆ ಕಡಿಮೆ, ನಿಜ ಜಾಸ್ತಿ.

ಬೆಳಗಿನ ಆರು ಗಂಟೆ. ನೈರೋಬಿಗೆ ಹತ್ತಿರದ ಸುಸ್ವಾ ಬೆಟ್ಟದ ಲಾವಾ ಗುಹೆಯ ಬಾಯಲ್ಲಿ ಬಬೂನ್ ಕೋತಿಗಳು ಇನ್ನೂ ಆಕಳಿಸುತ್ತಿವೆ. ಮೂವತ್ತು ವರ್ಷಗಳಿಂದ ಸಂಶೋಧಕರಿಗೆ ಇಲ್ಲಿ ದಾರಿ ತೋರಿಸುತ್ತಿರುವ ಮಸಾಯಿ ಬುಡಕಟ್ಟಿನ ಮಾರ್ಗದರ್ಶಿ ಸೈತೋಟಿ ಟಾರ್ಚ್ ಹಿಡಿದು ಬಗ್ಗಿ ಒಳಗೆ ಹೋಗುತ್ತಾರೆ. ಮೂರು ಹೆಜ್ಜೆ ಹಿಂದೆ, ಕ್ಯಾಮೆರಾ ಹೊತ್ತು, ತಮ್ಮ ಅರವತ್ತೆಂಟು ವರ್ಷದ ಮಂಡಿಗಳನ್ನು ಬೈದುಕೊಳ್ಳುತ್ತ ಏವಾಲ್ಡ್ ಕಿವಿ ಎಂಬವರು ನುಸುಳುತ್ತಾರೆ. ಚಿತ್ರದಲ್ಲಿ ಮೂಡುವುದು ಸೈತೋಟಿಯ ಕೆಂಪು ಹೊದಿಕೆಯ ಬೆನ್ನು. ಮುಖವಲ್ಲ.

ಏವಾಲ್ಡ್ ಎಸ್ಟೋನಿಯಾದ ಸಾಕ್ಷ್ಯಚಿತ್ರ ನಿರ್ದೇಶಕ. ಅವರ ಮನೆತನದ ಹೆಸರಾದ ಕಿವಿ ಎಂದರೆ ಅವರ ಭಾಷೆಯಲ್ಲಿ ಕಲ್ಲು. ಟಿವಿ ಚಾನೆಲ್‌ನವರನ್ನು ಕೇಳಿದರೆ ಆ ಅರ್ಥವೇ ಸರಿ ಎಂದಾರು: ಹೆಸರಿನಲ್ಲಿ ಕಿವಿಯಿದೆ, ಹೇಳಿದ್ದು ಮಾತ್ರ ಒಳಗೆ ಇಳಿಯುವುದಿಲ್ಲ. ಅನ್ವೇಷಣೆಯ ಕುರಿತೇ ಹನ್ನೊಂದು ಚಿತ್ರ ಮಾಡಿದ್ದಾರೆ. ಒಂದರಲ್ಲೂ ಅನ್ವೇಷಕ ಕ್ಯಾಮೆರಾದತ್ತ ನಡೆದು ಬರುವುದಿಲ್ಲ. ಹಾಗಾಗಿಯೇ ಒಂದೂ ದೊಡ್ಡ ಚಾನೆಲ್‌ನಲ್ಲಿ ಬಂದಿಲ್ಲ.

ಈ ಹಟದ ಬೇರು ಆರ್ಕ್ಟಿಕ್ ಹಿಮದಲ್ಲಿದೆ. "ನನಗಾಗ ಇಪ್ಪತ್ನಾಲ್ಕು. ಟ್ಯಾಲಿನ್‌ನ ಸ್ಟುಡಿಯೋದಲ್ಲಿ ಟ್ರೈಪಾಡ್ ಹೊರುವವನು," ಎಂದು ಪದಕ್ಕೊಂದು ಉಸಿರು ಬಿಟ್ಟು ನೆನೆಯುತ್ತಾರೆ. "ಅನ್ವೇಷಣಾ ತಂಡದ ನಾಯಕ ದ್ವೀಪಕ್ಕೆ ಮೊದಲ ಹೆಜ್ಜೆ ಇಡುವುದನ್ನು ತೆಗೀಬೇಕಿತ್ತು. ಎದುರಿನಿಂದ ತೆಗೀಬೇಕು ಅಂದರೆ ಕ್ಯಾಮೆರಾ ಮೊದಲೇ ದಡದಲ್ಲಿರಬೇಕಲ್ಲ? ನಾನು ಇಳಿದೆ. ಆಮೇಲೆ ಹಿಮದ ಮೇಲಿದ್ದ ನನ್ನ ಹೆಜ್ಜೆಗಳನ್ನು ನನ್ನ ಕೈಲೇ ಪೊರಕೆಯಿಂದ ಗುಡಿಸಿಸಿದರು. ನಾಯಕ ಬಂದ. ಚಪ್ಪಾಳೆ."

ಅಂದಿನಿಂದ ಅವರ ಕ್ಯಾಮೆರಾ ಹಿಂದೆಯೇ ನಿಲ್ಲುತ್ತದೆ. ಮೂರು ವಾರದ ಕೆಲಸಕ್ಕೆಂದು ಇಪ್ಪತ್ತೆರಡು ವರ್ಷದ ಹಿಂದೆ ನೈರೋಬಿಗೆ ಬಂದವರು ಇಲ್ಲೇ ಉಳಿದರು. ಮೈಸೂರಿನ ನಿವೃತ್ತ ಉಪನ್ಯಾಸಕಿ ಕಾತ್ಯಾಯಿನಿಯವರ ಲ್ಯಾವಿಂಗ್ಟನ್ ಬಡಾವಣೆಯ ಮನೆಯ ಔಟ್‌ಹೌಸೇ ಅವರ ಮನೆ, ಎಡಿಟಿಂಗ್ ಕೋಣೆ, ಗೋದಾಮು. ಹೊಟ್ಟೆಪಾಡಿಗೆ ಅಪ್ಪರ್ ಹಿಲ್‌ನ ಕಚೇರಿಗಳ ಪ್ರಚಾರ ವಿಡಿಯೊ ಮಾಡುತ್ತಾರೆ. "ಅಲ್ಲಿ ಎಲ್ಲರೂ ಎದುರಿನಿಂದಲೇ ನಗುತ್ತಾರೆ," ಎನ್ನುವ ಅವರು ಮಾತ್ರ ನಗುವುದಿಲ್ಲ. ಸುಸ್ವಾ ಚಿತ್ರಕ್ಕೆ ನೂರ ನಲವತ್ತು ಗಂಟೆ ಚಿತ್ರೀಕರಿಸಿ ಐವತ್ತೆರಡು ನಿಮಿಷಕ್ಕೆ ಇಳಿಸಿದ್ದಾರೆ. ಅವರ ಚಿತ್ರವೊಂದಕ್ಕೆ ಈವರೆಗೆ ಸೇರಿದ ಅತಿ ದೊಡ್ಡ ಸಭೆ ನಗರದ ಎಂಬಕಸಿ ಬಡಾವಣೆಯ ಸಭಾಂಗಣದಲ್ಲಿ ಇನ್ನೂರ ಹನ್ನೆರಡು ಜನ. ಕರೆಂಟ್ ಹೋದ ಮೇಲೆ ಉಳಿದವರು ನಲವತ್ತು.

"ಇವರ ಪಿಕ್ಚರಲ್ಲಿ ಕಾಲರ್ ನೋಡಿಯೇ ಜನ ಯಾರೂಂತ ಗುರ್ತ ಹಿಡೀಬೇಕು ಮಾರಾಯ್ರೇ," ಎನ್ನುತ್ತಾರೆ ಹತ್ತೊಂಬತ್ತು ವರ್ಷಗಳಿಂದ ಜೊತೆಗಿರುವ ಧ್ವನಿಗ್ರಾಹಕ, ಮಂಗಳೂರಿನ ಕೆವಿನ್. ಏವಾಲ್ಡರನ್ನು ಅವರು ಕರೆಯುವುದು, ಇಲ್ಲಿ ಹಿರಿಯರನ್ನು ಎಲ್ಲರೂ ಕರೆಯುವಂತೆ, 'ಮ್ಝೇ' ಎಂದು. ಮ್ಝೇಯ ದನಿಯನ್ನು ಅಚ್ಚೊತ್ತಿದಂತೆ ಅನುಕರಿಸುವುದು ಕೆವಿನ್‌ಗೆ ಚಟ.

ಕಳೆದ ವಾರ ಚಾನೆಲೊಂದರ ಹೆಲನ್ ಫೋನ್ ಮಾಡುತ್ತಾರೆ. "ಚಿತ್ರ ಚೆನ್ನಾಗಿದೆ, ಏವಾಲ್ಡ್. ತೊಂಬತ್ತು ಸೆಕೆಂಡ್ ಸೇರಿಸಿ. ವಿದೇಶಿ ಭೂವಿಜ್ಞಾನಿಯೊಬ್ಬ ಗುಹೆಗೆ ಮೊದಲ ಸಲ ಕಾಲಿಡಬೇಕು, ಎದುರಿನಿಂದ. ಕತ್ತಲೆ, ಟಾರ್ಚ್, ಬೆರಗು. ಮುಂದಿನ ತಿಂಗಳೇ ಪ್ರಸಾರ."

ಏವಾಲ್ಡ್ ಎರಡು ದಿನ ಕಾಲಾವಕಾಶ ಕೇಳುತ್ತಾರೆ. ಮೂರನೆಯ ದಿನ ಒಪ್ಪುತ್ತಾರೆ.

"ಯಾಕೆ ಒಪ್ಪಿದಿರಿ?" ಕಾತ್ಯಾಯಿನಿ ಕೇಳುತ್ತಾರೆ.

"ಸೈತೋಟಿಯ ಮೊಮ್ಮಕ್ಕಳು ಅಜ್ಜನನ್ನು ಟಿವಿಯಲ್ಲಿ ನೋಡಲಿ. ನನಗೂ ಇನ್ನೊಂದು ಚಿತ್ರ ಮಾಡುವಷ್ಟು ಮಂಡಿ ಉಳಿದಿಲ್ಲ."

ಮುಖ ನೋಡಿದರೆ ಗೆದ್ದವರದಲ್ಲ. ಸೋಮವಾರ ಚಿತ್ರೀಕರಣ. ಅದಕ್ಕೆ ಮುಂಚೆ, ಶನಿವಾರ ಸಂಜೆ, ಕಾತ್ಯಾಯಿನಿಯವರ ವರಾಂಡದಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ಗೆಳೆಯರಿಗೆ ಚಿತ್ರ ತೋರಿಸುವ ಏರ್ಪಾಡು. ಕೆವಿನ್ ಪ್ರೊಜೆಕ್ಟರ್ ಹಚ್ಚುತ್ತಾರೆ. ಪರದೆಯ ಮೇಲೆ ಗುಹೆಯಿಲ್ಲ, ಅಡುಗೆಮನೆಯ ಬಾಗಿಲಾಚೆ ಕಾಣುವ ಬೇಲಿಯಿದೆ. ಬೇಲಿಯ ಗಿಡ ಸರಿಸಿ, ಲುಂಗಿ ಉಟ್ಟು, ಕೂದಲು ಕೆದರಿದ ಏವಾಲ್ಡ್ ನೇರವಾಗಿ ಕ್ಯಾಮೆರಾದತ್ತ ನಡೆದು ಬರುತ್ತಿದ್ದಾರೆ. ಹಿನ್ನೆಲೆಯಲ್ಲಿ ಅವರದೇ ಎನಿಸುವ ದನಿ, ಅವರದೇ ಉಸಿರು:

"ಲ್ಯಾವಿಂಗ್ಟನ್. ಸೂರ್ಯೋದಯ. ಈ ಅಡುಗೆಮನೆಗೆ... ಈವರೆಗೆ... ಯಾವ ಎಸ್ಟೋನಿಯನ್ನನೂ ಕಾಲಿಟ್ಟಿಲ್ಲ. ಸ್ಥಳೀಯ ಮಹಿಳೆ... ಬಿಸಿಯಾದ ಕಂದು ದ್ರವವೊಂದನ್ನು ನೀಡುತ್ತಾಳೆ. ಅನ್ವೇಷಕ... ಹೆದರುವುದಿಲ್ಲ."

ಪರದೆಯ ಏವಾಲ್ಡ್ ಕಾಫಿ ಲೋಟಕ್ಕೆ ಕೈ ಚಾಚಿ, ಬೆರಗಿನಿಂದ ಬಾಯಿ ತೆರೆಯುತ್ತಾರೆ. ಅಸಲಿಗೆ ಅದು ಆಕಳಿಕೆ.

"ಅಯ್ಯೋ ಕೆವಿನ್, ಹಳೇ ನೈಟಿಲಿ ಇದೀನಲ್ಲೋ ನಾನು!" ಕಾತ್ಯಾಯಿನಿ ಮುಖ ಮುಚ್ಚಿಕೊಳ್ಳುತ್ತಾರೆ. ವರಾಂಡವೆಲ್ಲ ನಗುತ್ತದೆ. ಏವಾಲ್ಡ್ ನಗುವುದಿಲ್ಲ. ನಗು ಒಂದೊಂದಾಗಿ ಆರುತ್ತದೆ.

"ಕ್ಯಾಮೆರಾ ಎಲ್ಲಿತ್ತು?" ಎನ್ನುತ್ತಾರೆ ಕೊನೆಗೆ.

"ಒಳಗೇ ಇತ್ತು, ಮ್ಝೇ. ಫ್ರಿಜ್ ಪಕ್ಕ." ಕೆವಿನ್‌ನ ಸ್ವಂತ ದನಿ ಸಣ್ಣದಾಗಿದೆ. "ಬೇಜಾರಾಯ್ತಾ?"

"ನನಗಿಂತ ಮೊದಲು."

"ಹೌದು. ನಿಮಗಿಂತ ಮೊದಲು."

ಏವಾಲ್ಡ್ ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು, ಒಂದೇ ಬೆರಳಿನಲ್ಲಿ ಏನೋ ಟೈಪ್ ಮಾಡುತ್ತಾರೆ. ಕಳಿಸಿದ ಮೇಲೆ ಎಲ್ಲರಿಗೂ ಓದಿ ಹೇಳುತ್ತಾರೆ: "ಹೆಲನ್, ನೀವು ಕೇಳಿದ ತೊಂಬತ್ತು ಸೆಕೆಂಡ್ ಇದರ ಜೊತೆಗಿದೆ. ಗುಹೆಯ ಚಿತ್ರ ಇದ್ದ ಹಾಗೇ ಇರುತ್ತದೆ. ಬೇಕಾದರೆ ಹಾಕಿ, ಬೇಡವಾದರೆ ಬಿಡಿ."

"ಪ್ರಸಾರ ಹೋಯಿತಲ್ಲ," ಎನ್ನುತ್ತಾರೆ ಕಾತ್ಯಾಯಿನಿ ಮೆಲ್ಲಗೆ.

"ಹೋಗಲಿ. ಮಂಗಳವಾರ ಈ ಪ್ರೊಜೆಕ್ಟರನ್ನೇ ಸೈತೋಟಿಯ ಮನೆಗೆ ಒಯ್ಯುತ್ತೇವೆ. ಮೊಮ್ಮಕ್ಕಳು ಅಲ್ಲೇ ನೋಡಲಿ," ಎಂದ ಏವಾಲ್ಡ್ ಕೆವಿನ್‌ನತ್ತ ತಿರುಗುತ್ತಾರೆ. "ಇನ್ನೊಂದು ಸಲ ಹಾಕು."

ಮತ್ತೆ ಬೇಲಿ, ಲುಂಗಿ, ಕಾಫಿ ಲೋಟ. 'ಅನ್ವೇಷಕ ಹೆದರುವುದಿಲ್ಲ' ಎಂಬಲ್ಲಿಗೆ ಬರುವಷ್ಟರಲ್ಲಿ ಏವಾಲ್ಡ್ ಹೊಟ್ಟೆ ಹಿಡಿದುಕೊಂಡು, ಕುರ್ಚಿಯಿಂದ ಜಾರಿ, ಗೇಟಿನ ಕಾವಲುಗಾರ ಟಾರ್ಚ್ ಹಿಡಿದು ಓಡಿ ಬರುವಷ್ಟು ಜೋರಾಗಿ ನಗುತ್ತಿದ್ದಾರೆ.